ಇನ್ನೊಂಚೂರು ತಿರುವಿದರೆ

ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದು ಬಿಟ್ಟುಬಿಡುವುದಕ್ಕೂ ಒಂದು ಯೋಗ್ಯತೆ ಬೇಕು. ನನಗೆ ಅದಿಲ್ಲ. ಚಿತ್ರಾನ್ನಕ್ಕೆ ಉಪ್ಪು ಸರಿಯಾಗಿದ್ದರೂ ಇನ್ನೊಂದು ಚಿಟಿಕೆ ಹಾಕಿ ನೋಡುವ ಜಾತಿ ನನ್ನದು. ಇಂಥವನ ಕೈಗೆ ಒಂದು ಆಟದ ವಿಮಾನ, ಅದೂ ನಿಂಬೆಹಣ್ಣಿನ ಗಾತ್ರದ ನಿಜವಾದ ಇಂಜಿನ್ ಇರುವಂಥದ್ದು, ಸಿಕ್ಕಿಬಿಟ್ಟಿತು.

ಆ ಇಂಜಿನ್ನಿಗೊಂದು ಕಾರ್ಬುರೇಟರ್, ಅದಕ್ಕೊಂದು ಪುಟ್ಟ ತಿರುಪು. ಸಡಿಲಿಸಿದರೆ ಇಂಧನ ಹೆಚ್ಚಾಗಿ ಹೊಗೆಯುಗುಳುತ್ತ ಗೊರಗೊರ ಎನ್ನುತ್ತದೆ; ಬಿಗಿದರೆ ಇಂಧನ ಸಾಲದೆ ಕಿರುಚಿ ನಿಂತುಹೋಗುತ್ತದೆ. ಎರಡರ ನಡುವೆ ಎಲ್ಲೋ ಒಂದು ಕಡೆ ಇಂಪಾಗಿ ಹಾಡುತ್ತದೆ. ಆ ಜಾಗ ನನಗೆ ಭಾನುವಾರದೊಳಗೆ ಸಿಗಲೇಬೇಕಿತ್ತು. ಅವತ್ತು ಊಟಕ್ಕೆ ಹರಿಯಬ್ಬೆಯಿಂದ ನನ್ನ ಹೆಂಡತಿಯ ತಮ್ಮ ರುದ್ರೇಶ ಬರುವವನಿದ್ದ. ಬಂದಾಗಲೆಲ್ಲ ನಮ್ಮ ಮಿಕ್ಸಿ, ನಲ್ಲಿ, ಕೊನೆಗೆ ನಾನು ರಿಪೇರಿ ಮಾಡಿದ ಮಂಚವನ್ನೂ ಮತ್ತೆ ರಿಪೇರಿ ಮಾಡಿ ಹೋಗುವ ಮನುಷ್ಯ. ಅವನೆದುರು ಒಂದಾದರೂ ಯಂತ್ರ ನನ್ನ ಮಾತು ಕೇಳಬೇಕೆಂಬುದು ನನ್ನ ಆಸೆ.

ಭಾನುವಾರ ಬೆಳಿಗ್ಗೆ ಹೊಳಲ್ಕೆರೆಯ ನಮ್ಮ ಮನೆಯ ಹಿಂದೆ, ಶೇಂಗಾ ಕಿತ್ತು ಖಾಲಿಬಿಟ್ಟ ಹೊಲದಲ್ಲಿ ಕುಳಿತೆ. ವಿಮಾನದ ಮೂತಿಯ ಫ್ಯಾನು ತಿರುವಿ ತಿರುವಿ ಬೆರಳು ಬದನೆಕಾಯಿಯಾಯಿತೇ ಹೊರತು ಇಂಜಿನ್ ಕೆಮ್ಮಲೂ ಇಲ್ಲ. ಕಡೆಗೆ ಟಾರ್ಚು ಬಿಟ್ಟು ಕಾರ್ಬುರೇಟರಿನ ಬಾಯೊಳಗೆ ಇಣುಕಿದರೆ ಬೂದಿ! ಜೊತೆಗೊಂದು ಕಡ್ಡಿಯ ಚೂರು.

"ಗಿರಿಜಾ, ಇದರೊಳಗೆ ಏನು ಹಾಕಿದ್ದೆ?"

"ಆಯುಧಪೂಜೆ ದಿನ ಊದುಬತ್ತಿ ಸಿಗಿಸಿದ್ನಪ್ಪ," ಎಂದಳು ಹೆಂಡತಿ, ನಾನೇ ತಪ್ಪು ಮಾಡಿದವನಂತೆ. "ಮಿಕ್ಸಿಗೆ ಸಿಗಿಸಾಕೆ ಜಾಗ ಇಲ್ಲ, ಬೈಕಿಗೆ ಇಲ್ಲ. ಇದಕ್ಕೆ ದೇವ್ರೇ ತೂತು ಕೊಟ್ಟಾನೆ ಅಂದ್ಕಂಡೆ."

ಪಿನ್ನಿನಿಂದ ಕೆದಕಿ, ಊದಿ, ತೊಳೆದು ಮತ್ತೆ ತಿರುವಿದೆ. ಹೊತ್ತಿಕೊಂಡಿತು! ತಿರುಪನ್ನು ಅತ್ತಿತ್ತ ಆಡಿಸಿದೆ. ಗೊರಗೊರ ಹೋಗಿ ಜುಂಯ್ ಎಂಬ ಜೇನುಗೂಡಿನ ಇಂಪು ಬಂತು.

"ಸಾಕು ಬಂದ್ ಮಾಡ್ರಿ. ಅವ್ನು ಬಂದ್ಮೇಲೆ ಹಚ್ಚೀರಂತೆ."

"ಇನ್ನೊಂಚೂರು ತಿರುವಿದರೆ ಇನ್ನೂ ಚೆನ್ನಾಗಿರುತ್ತೆ ಕಣೆ."

ತಿರುವಿದೆ. ಚೆನ್ನಾಯಿತು. ಟ್ಯಾಂಕು ತುಂಬಿಸಿ ಮತ್ತೆ ತಿರುವಿದೆ. ಕೆಟ್ಟಿತು. ಮತ್ತೆ ತುಂಬಿಸಿ ಸರಿಮಾಡಿದೆ. ರುದ್ರೇಶನ ಬೈಕು ಅಂಗಳಕ್ಕೆ ಬರುವುದಕ್ಕೂ ಇಂಜಿನ್ ತಣ್ಣಗಾಗುವುದಕ್ಕೂ ಸರಿಹೋಯಿತು. ಇಂಧನದ ಬಾಟಲಿ ಬೋರಲು ಹಾಕಿದರೂ ಒಂದು ಹನಿ ಇಲ್ಲ.

"ಹಾರಿಸ್ರಿ ಭಾವ, ನೋಡಾಣ."

"ಎಣ್ಣೆ ಮುಗೀತು ಕಣಪ್ಪ."

"ಅಷ್ಟೇ ಅಲ್ವಾ? ನನ್ನ ಬೈಕಿಂದ ಪೆಟ್ರೋಲ್ ತೆಗಿಯಾಣ ಬರ್ರಿ."

"ಇದು ಪೆಟ್ರೋಲ್ ಕುಡಿಯಲ್ಲ. ಹರಳೆಣ್ಣೆ ಬೆರೆಸಿದ ಬೇರೆ ಇಂಧನ, ಪಾರ್ಸೆಲ್‌ನಲ್ಲಿ ಬರಬೇಕು."

"ಹರಳೆಣ್ಣೆನಾ? ಹೊಟ್ಟೆ ಕೆಟ್ಟೈತೇನ್ರಿ ಇದಕ್ಕೆ?"

ಗಿರಿಜ ಸೆರಗು ಬಾಯಿಗೆ ಒತ್ತಿಕೊಂಡಳು. ರುದ್ರೇಶ ವಿಮಾನವನ್ನು ಎತ್ತಿ ತೂಗಿ ನೋಡಿದ. ನಮ್ಮ ಕಡೆಯ ಗಾಳಿ ಗೊತ್ತಲ್ಲ, ಬೀಸಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಅದಕ್ಕೆ ಮುಖಮಾಡಿ ನಿಂತು, ಕೈಯಿಂದ ಸುಮ್ಮನೆ ತಳ್ಳಿಬಿಟ್ಟ. ವಿಮಾನ ತೇಲಿತು! ಹೊಲದುದ್ದಕ್ಕೂ ಹದ್ದಿನಂತೆ ತೇಲಿ ಬದುವಿನ ಹುಲ್ಲಿನ ಮೇಲೆ ಮೆತ್ತಗೆ ಕೂತಿತು.

"ಹಾರ್ತೈತಲ್ಲ ಭಾವ! ಮತ್ತೆ ಇಂಜಿನ್ ಯಾಕ್ರಿ ಇದಕ್ಕೆ?"

ಅಕ್ಕ ತಮ್ಮ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮಾತ್ರ ಅದು ಹಾರಿದ್ದನ್ನು ಸರಿಯಾಗಿ ನೋಡಲೇ ಇಲ್ಲ. ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತಿದ್ದೆ, ಓಡದ ಇಂಜಿನ್ನಿನ ಸದ್ದು ಹದವಾಗಿದೆಯೋ ಇಲ್ಲವೋ ಎಂದು.