ವಿಚಾರಿಸಲು ಬಂದ ಬ್ಯಾಗಿನವನು

ಹಾಲಿನ ಪ್ಯಾಕೆಟ್ ತರಲು ಗೇಟು ತೆಗೆದ ಕಲ್ಲೇಶಪ್ಪನಿಗೆ ಎದುರುಮನೆಯ ಕಟ್ಟೆಯ ಮೇಲೆ ಒಬ್ಬ ಅಪರಿಚಿತ ಕಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಚರ್ಮದ ಬ್ಯಾಗು, ಕೈಯಲ್ಲಿ ಸಣ್ಣ ಡೈರಿ. ಎದುರುಮನೆಯ ಗಿರಿಯಮ್ಮ ಅವನಿಗೆ ಕಾಫಿ ಕೊಟ್ಟು ಕೂರಿಸಿಕೊಂಡು ಕಲ್ಲೇಶಪ್ಪನ ಮನೆಯತ್ತಲೇ ಬೆರಳು ತೋರಿಸುತ್ತಿದ್ದಳು. ಕಲ್ಲೇಶಪ್ಪನನ್ನು ಕಂಡದ್ದೇ ಬೆರಳು ಸೆರಗಿನೊಳಗೆ ಹೋಯಿತು. ಆ ಮನುಷ್ಯ ಡೈರಿ ಮುಚ್ಚಿ, ಬ್ಯಾಗು ಹಿಡಿದು ಬೀದಿಯ ತಿರುವಿನಲ್ಲಿ ಮರೆಯಾದ.

ಬೇರೆ ಯಾರಾದರೂ ಆಗಿದ್ದರೆ ಇನ್ಶೂರೆನ್ಸಿನವನೋ, ಜನಗಣತಿಯವನೋ ಇರಬೇಕು ಅಂದುಕೊಂಡು ಹಾಲು ಕಾಯಿಸಲು ಒಳಗೆ ಹೋಗುತ್ತಿದ್ದರು. ಕಲ್ಲೇಶಪ್ಪನಿಗೆ ಆ ಭಾಗ್ಯ ಇರಲಿಲ್ಲ. ಅವನ ಫೋನಿನೊಳಗೆ ಒಂದು ಗುಟ್ಟಿತ್ತು.

ಕಲ್ಲೇಶಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸ ತಂತಿ ಸುತ್ತಿ, ವಾರ್ನಿಷ್ ಬಳಿದು, ಅದು ಒಣಗುವವರೆಗೆ ಸುಮ್ಮನೆ ಕೂತಿರಬೇಕು. ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಕೆಂಪೋ ಹಸಿರೋ ಎಂದು ಬಣ್ಣಕ್ಕೆ ದುಡ್ಡು ಕಟ್ಟುವ ಹೊರದೇಶದ ಆಟವೊಂದನ್ನು ಅವನು ಕಲಿತಿದ್ದ. ಯುಗಾದಿ ಕಳೆದ ವಾರದಲ್ಲಿ ಹಸಿರಿನ ಮೇಲೆ ಹಸಿರು ಬಿದ್ದು ಒಂದೇ ಮಧ್ಯಾಹ್ನ ಎರಡು ಲಕ್ಷ ಹತ್ತು ಸಾವಿರ ಗೆದ್ದಿದ್ದ. ಗೆದ್ದದ್ದು ರೂಪಾಯಿ ಅಲ್ಲ, ಕ್ರಿಪ್ಟೋ ಕಾಯಿನ್. ಅದನ್ನು ಆ ದಿನವೇ ಆಟದಿಂದ ತೆಗೆದು ಫೋನಿನಲ್ಲೇ ತನ್ನ ವಾಲೆಟ್ಟಿಗೆ ಹಾಕಿಕೊಂಡಿದ್ದ. ಇದು ಮಗಳು ವಾಣಿಶ್ರೀಯ ಮದುವೆಗೆ ಎಂದು ಮನಸ್ಸಿನಲ್ಲೇ ಎತ್ತಿಟ್ಟಿದ್ದ. ಹೆಂಡತಿ ನಿರ್ಮಲಮ್ಮನಿಗೆ ಹೇಳುವ ಹಾಗಿರಲಿಲ್ಲ. ಇಸ್ಪೀಟಿನಲ್ಲಿ ಹಿಂದೊಮ್ಮೆ ಅವಳ ಬಳೆ ಕಳೆದಾಗ, ಇನ್ನು ಜೂಜು ಮುಟ್ಟುವುದಿಲ್ಲ ಅಂತ ಮಗಳ ತಲೆ ಮುಟ್ಟಿ ಆಣೆ ಇಟ್ಟಿದ್ದ.

ಈಚೆಗೆ ಮತ್ತೊಂದು ಹುಳು ತಲೆಯೊಳಗೆ ಹೊಕ್ಕಿತ್ತು. ಕಾಯಿನ್ನಲ್ಲಿ ಗೆದ್ದದ್ದಕ್ಕೂ ತೆರಿಗೆ ಇದೆಯೇ? ಇದ್ದು ಕಟ್ಟದಿದ್ದರೆ ಮನೆಗೆ ಜನ ಬರುತ್ತಾರೆಯೇ? ಈಗ ನೋಡಿದರೆ ಬಂದೇ ಬಿಟ್ಟಿದ್ದರು.

"ಯಾರ್ರಿ ಗಿರಿಯಮ್ಮಾರೆ ಅವ್ರು?" ಎಂದು ದಾರಿ ದಾಟಿ ಹೋಗಿ ಕೇಳಿದ.

"ಯಾರೋ, ನಂಗೇನು ಗೊತ್ತು," ಎಂದಳು ಗಿರಿಯಮ್ಮ. ಗೊತ್ತಿದ್ದವಳ ನಗು ಮಾತ್ರ ತುಟಿಯಂಚಿನಲ್ಲೇ ಇತ್ತು. "ಕೇಳಿದ್ದು ನಿಮ್ಗೆ ಹೇಳ್ಬ್ಯಾಡ್ರಿ ಅಂದ್ರು. ಆದ್ರೂ ಹೇಳ್ತೀನಿ. ಮನೆ ಸ್ವಂತದ್ದಾ, ಸಾಲ ಐತಾ, ಆದಾಯ ಎಷ್ಟು ಬರುತ್ತೆ, ಯಜಮಾನ್ರಿಗೆ ಚಟ ಗಿಟ ಐತಾ, ಎಲ್ಲಾ ಕೇಳಿ ಬರ್ಕಂಡ್ರು."

ಕಲ್ಲೇಶಪ್ಪ ಬೀದಿಯ ತಿರುವನ್ನೊಮ್ಮೆ ತಿರುಗಿ ನೋಡಿದ. "ನೀವೇನಂದ್ರಿ?"

"ನಾನು ಕೊರತೆ ಮಾಡ್ತೀನಾ? ಆನಗೋಡಿನಾಗೆ ಹತ್ತೆಕ್ರೆ ತೋಟ ಐತೆ ಅಂದೆ. ಅಂಗಡಿ ಎರಡು ಅಂದೆ. ತಿಂಗ್ಳಿಗೆ ಲಕ್ಷದ ಮ್ಯಾಲೇ ಬೀಳುತ್ತೆ ಅಂದೆ."

ಆನಗೋಡಿನಲ್ಲಿ ಅವನಿಗಿದ್ದದ್ದು ಮಳೆ ನಂಬಿದ ಒಂದೂವರೆ ಎಕರೆ ಖುಷ್ಕಿ ಜಮೀನು. ಗಿರಿಯಮ್ಮನ ಬಾಯಿಗೆ ಬೀಗ ಹಾಕುವ ಅಧಿಕಾರಿ ಈ ದೇಶದಲ್ಲಿ ಇನ್ನೂ ನೇಮಕವಾಗಿಲ್ಲ ಎಂದು ಕಲ್ಲೇಶಪ್ಪನಿಗೆ ಅಳುವೇ ಬಂತು. ಮನೆಯೊಳಗೆ ಬಂದರೆ ನಿರ್ಮಲಮ್ಮ ಅಡುಗೆಮನೆಯ ಮೂಲೆಯಲ್ಲಿ ನಿಂತು ಹರಿಹರದ ತನ್ನ ಅಕ್ಕ ಯಶೋದಾಳ ಜೊತೆ ಫೋನಿನಲ್ಲಿ ಪಿಸುಗುಡುತ್ತಿದ್ದಳು. "ಬಂದಿದ್ರಂತೆ ಕಣಕ್ಕ, ವಿಚಾರಿಸ್ಕಂಡು ಹೋದ್ರಂತೆ," ಎಂಬಷ್ಟು ಕಿವಿಗೆ ಬಿತ್ತು. ಗಂಡನನ್ನು ಕಂಡದ್ದೇ ಫೋನ್ ಕಟ್ ಆಯಿತು. ಹೆಂಡತಿಯೇ ತನ್ನ ಮೇಲೆ ದೂರು ಕೊಟ್ಟಿರಬಹುದೇ ಎಂಬ ಸಂಶಯ ಬಂದು ಅವನು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದ.

ಅಂಗಡಿಗೆ ಹೋದರೆ ಅಲ್ಲೂ ಅದೇ ಕತೆ. ಪಕ್ಕದ ಪೈಪಿನ ಅಂಗಡಿಯ ಇಮಾಮ್ ಸಾಬ್ ಕಲ್ಲೇಶಪ್ಪ ಶಟರ್ ಎತ್ತುವಷ್ಟರಲ್ಲಿ ಹತ್ತಿರ ಬಂದ. ಆಟದ ಗುಟ್ಟು ಗೊತ್ತಿದ್ದದ್ದು ಊರಲ್ಲಿ ಅವನೊಬ್ಬನಿಗೇ.

"ಕಲ್ಲೇಶಣ್ಣ, ನಿನ್ನೆ ಸಂಜೆ ನೀನು ಮನೆಗೆ ಹೋದ್ಮ್ಯಾಲೆ ಯಾರೋ ಬ್ಯಾಗ್ ಹಿಡ್ಕಂಡು ಬಂದಿದ್ರು. ಜೂಜು ಗೀಜು ಆಡ್ತಾರಾ ಅಂತ ಕೇಳಿದ್ರು."

"ನೀನೇನಂದೆ?"

"ಇಸ್ಪೀಟಿನ ಎಲೆ ಮುಟ್ಟೋದನ್ನ ನಾನು ನೋಡೇ ಇಲ್ಲ ಅಂದೆ. ಸುಳ್ಳಲ್ವಲ್ಲ? ನೀನು ಮುಟ್ಟೋದು ಫೋನು."

"ಇನ್‌ಕಂ ಟ್ಯಾಕ್ಸಿನೋನು ಕಣೋ ಅವ್ನು. ನನ್ ಕತೆ ಮುಗೀತು."

ಇಮಾಮ್ ಸಾಬ್ ಗಡ್ಡ ಕೆರೆದುಕೊಂಡ. "ಟ್ಯಾಕ್ಸ್ ಐತೋ ಇಲ್ಲೋ ಅದನ್ನ ಮೊದ್ಲು ತಿಳ್ಕ. ಇಲ್ಲಿ ಆಡಿಟರ್ ಹತ್ರ ಹೋದ್ರೆ ಮಧ್ಯಾಹ್ನಕ್ಕೆ ಊರೆಲ್ಲ ಸುದ್ದಿ. ಹರಿಹರದಾಗೆ ಶಾಂತಕುಮಾರಿ ಮೇಡಮ್ ಅಂತ ಅದಾರೆ. ಅಲ್ಲಿ ನಿನ್ನ ಗುರುತು ಯಾರಿಗೂ ಇಲ್ಲ."

ಕಲ್ಲೇಶಪ್ಪ ಶಟರ್ ಎಳೆದು ಬಸ್ಸು ಹತ್ತಿದ. ಕೂತು ಬೆವರು ಒರೆಸಿಕೊಂಡು ತಿರುಗಿ ನೋಡಿದರೆ ಎರಡು ಸೀಟು ಹಿಂದೆ ಅದೇ ಬಿಳಿ ಅಂಗಿ, ಅದೇ ಬ್ಯಾಗು. ಕಂಡಕ್ಟರ್ ಬಂದಾಗ, ಬೆನ್ನು ಹತ್ತಿದವನ ದಾರಿ ತಪ್ಪಿಸಬೇಕೆಂದು, "ರಾಣೆಬೆನ್ನೂರು ಒಂದು," ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ ಹೆಚ್ಚಿನ ದುಡ್ಡು ಕೊಟ್ಟ. ಹಿಂದಿನಿಂದ, "ಹರಿಹರ ಒಂದು ಕೊಡ್ರಿ," ಎಂಬ ಸಮಾಧಾನದ ದನಿ ಕೇಳಿತು.

ಹರಿಹರದಲ್ಲಿ ಆ ಮನುಷ್ಯ ಇಳಿದು ಹೋಗಲಿ ಎಂದು ಕಾದು, ಬಸ್ಸು ಹೊರಡುವ ಹೊತ್ತಿಗೆ ಕಲ್ಲೇಶಪ್ಪ ಮೆಲ್ಲಗೆ ಇಳಿದ. ಕಂಡಕ್ಟರ್ ಒಳ್ಳೆಯವನು. ಕಿಟಕಿಯಿಂದ ತಲೆ ಹೊರಹಾಕಿ, "ಯಜಮಾನ್ರೆ, ನಿಮ್ದು ರಾಣೆಬೆನ್ನೂರ್ರಿ, ಇಲ್ಯಾಕ ಇಳಿದ್ರಿ?" ಎಂದು ನಿಲ್ದಾಣವೆಲ್ಲ ತಿರುಗಿ ನೋಡುವ ಹಾಗೆ ಕೂಗಿದ. ಹಣ್ಣಿನ ಗಾಡಿಯ ಬಳಿ ನಿಂತಿದ್ದ ಬ್ಯಾಗಿನವನೂ ತಿರುಗಿ ನೋಡಿದ. ನೋಡಿ ಡೈರಿ ತೆಗೆದು ಏನೋ ಬರೆದುಕೊಂಡ.

ಶಾಂತಕುಮಾರಿ ಮೇಡಮ್ ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಕಲ್ಲೇಶಪ್ಪ ಕುರ್ಚಿಯ ತುದಿಯಲ್ಲಿ ಕೂತು, "ನಮ್ ಸ್ನೇಹಿತ್ರೊಬ್ರು ಅದಾರ್ರಿ," ಎಂದು ಶುರುಮಾಡಿದ.

"ಇಲ್ಲಿಗೆ ಬರೋರಿಗೆಲ್ಲ ಒಬ್ಬ ಸ್ನೇಹಿತ ಇದ್ದೇ ಇರ್ತಾನೆ. ಹೇಳ್ರಿ."

ಹೇಳಿದ. ಮೇಡಮ್ ಕ್ಯಾಲ್ಕ್ಯುಲೇಟರ್ ಹತ್ತಿರ ಎಳೆದುಕೊಂಡರು. "ಆ ಆಟ ಆಡಬಾರ್ದು ಅನ್ನೋದು ಬೇರೆ ಮಾತು. ಗೆದ್ದಿದ್ದಕ್ಕೆ ತೆರಿಗೆ ಐತೆ. ರೂಪಾಯಿಯಾಗೆ ಬರಲಿ, ಕಾಯಿನ್ನಾಗೆ ಬರಲಿ, ನೂರಕ್ಕೆ ಮೂವತ್ತು. ಅದ್ರ ಮ್ಯಾಲೆ ಸೆಸ್. ಆಟದಿಂದ ಹೊರಗೆ ತೆಗೆದ ದಿನ ಅದ್ರ ಬೆಲೆ ಎಷ್ಟಿತ್ತು?"

"ಎರಡು ಲಕ್ಷ ಹತ್ತು ಸಾವ್ರ."

"ಅರವತ್ತೈದು ಸಾವಿರದ ಐನೂರ ಇಪ್ಪತ್ತು ಕಟ್ಬೇಕು."

"ಮೇಡಮ್, ಆ ಕಾಯಿನ್ ಬಿದ್ದೋಗೈತ್ರಿ. ಈಗ ಮಾರಿದ್ರೆ ಅರವತ್ತು ಸಾವ್ರನೂ ಹುಟ್ಟಲ್ಲ, ನಮ್ ಸ್ನೇಹಿತ್ರಿಗೆ."

"ಬಿದ್ದಿದ್ದು ನಿಮ್ ಸ್ನೇಹಿತ್ರ ತಲೆನೋವು. ಗೆದ್ದ ದಿನದ ಬೆಲೆಗೇ ತೆರಿಗೆ. ಆಮೇಲೆ ಬಿದ್ದಿದ್ದನ್ನ ಇದ್ರಾಗೆ ಕಳೆಯಂಗಿಲ್ಲ." ಮೇಡಮ್ ದನಿ ತಗ್ಗಿಸಿದರು. "ಒಂದು ಮಾತು. ನೋಟೀಸ್ ಬಂದ್ಮ್ಯಾಲೆ ಸಿಕ್ಕಿಬಿದ್ರೆ ಕಷ್ಟ. ಅದಕ್ಕೆ ಮುಂಚೆ ತಾನಾಗೇ ಒಪ್ಕಂಡ್ರೆ ಹಗುರ."

ಮೇಡಮ್ ಹೇಳಿದ್ದು ರಿಟರ್ನಿನಲ್ಲಿ ತೋರಿಸುವ ಮಾತು. ಕಲ್ಲೇಶಪ್ಪನ ಕಿವಿಗೆ ಬಿದ್ದದ್ದು ಒಪ್ಪಿಕೊಳ್ಳುವುದು ಎಂಬುದಷ್ಟೇ. ಹೊರಗೆ ಬಂದು ನೋಡಿದರೆ, ಆ ಬ್ಯಾಗಿನವನು ಹರಿಹರೇಶ್ವರ ಗುಡಿಯ ಕಡೆ ನಡೆದು ಹೋಗುತ್ತಿದ್ದ. ಕಲ್ಲೇಶಪ್ಪ ಮೊದಲ ಸಲ ಅವನಿಂದ ತಪ್ಪಿಸಿಕೊಳ್ಳದೆ ಅವನ ಹಿಂದೆಯೇ ಹೋದ.

ಗುಡಿಯೊಳಗೆ ಒಂದು ಕಂಬಕ್ಕೆ ಒರಗಿ ಕೂತಿದ್ದವನ ಎದುರು ಕೈ ಮುಗಿದು ನಿಂತ.

"ಸಾರ್, ಬೆಳಿಗ್ಗೆಯಿಂದ ನೀವು ನನ್ನ ಹಿಂದೆ ಬಿದ್ದಿದ್ದು ಗೊತ್ತು. ನಾನೇ ಕಲ್ಲೇಶಪ್ಪ. ಎಲ್ಲಾ ಒಪ್ಕಂತೀನಿ, ಬರ್ಕಳ್ರಿ."

ಆ ಮನುಷ್ಯ ಅವಕ್ಕಾಗಿ, "ಕೂಡ್ರಿ, ಕೂಡ್ರಿ," ಎಂದ. ಕಲ್ಲೇಶಪ್ಪ ಕೂರಲಿಲ್ಲ. ಕೂತರೆ ಧೈರ್ಯ ಹೋದೀತು ಎಂದು ನಿಂತೇ ಎಲ್ಲ ಹೇಳಿದ. ಹತ್ತೆಕರೆ ತೋಟ ಸುಳ್ಳು, ಎರಡನೇ ಅಂಗಡಿ ಸುಳ್ಳು. ಕೆಂಪು, ಹಸಿರು, ಕಾಯಿನ್ ಎಲ್ಲಾ ನಿಜ. ಇಸ್ಪೀಟಿನಲ್ಲಿ ಬಳೆ ಹೋದದ್ದು ನಿಜ, ಮಗಳ ತಲೆ ಮುಟ್ಟಿ ಆಣೆ ಇಟ್ಟು ಮುರಿದದ್ದೂ ನಿಜ. "ಹೆಂಡ್ತಿಗೆ ಮಾತ್ರ ಹೇಳ್ಬ್ಯಾಡ್ರಿ. ಆ ದುಡ್ಡು ಮಗಳ ಮದುವೆಗೆ ಅಂತ ಇಟ್ಟಿದ್ದು ಸಾರ್." ಹೇಳುತ್ತ ಹೇಳುತ್ತ ಅವನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಬ್ಯಾಗಿನವನು ಬರೆಯುತ್ತಿದ್ದ ಡೈರಿ ಮುಚ್ಚಿದ. ಆಮೇಲೆ ಮೆಲ್ಲಗೆ ಹೇಳಿದ: "ನಾನು ಸಾರ್ ಅಲ್ರಿ. ನನ್ ಹೆಸ್ರು ಗಿಡ್ಡಪ್ಪ. ಹುಡುಗನ ಸೋದರಮಾವ."

"ಯಾವ ಹುಡುಗ?"

"ನಿಮ್ ವಾಣಿಶ್ರೀಗೆ ನೋಡಿರೋ ಹುಡುಗ. ಹೆಣ್ಣು ನೋಡಾಕೆ ಬರೋ ಮುಂಚೆ ಮನೆತನ ಹೆಂಗೆ ಅಂತ ನಾಲ್ಕು ಕಡೆ ವಿಚಾರಿಸ್ಕಂಡು ಬಾ ಅಂತ ನಮ್ಮಕ್ಕ ಕಳಿಸಿದ್ಲು. ಇದೇ ಊರಿನ ಯಶೋದಮ್ಮಾರು ಹೇಳಿದ ಸಂಬಂಧ, ಅವ್ರನ್ನ ಕಾಣಾಕೇ ಇಲ್ಲಿಗೆ ಬಂದಿದ್ದೆ. ನಿಮ್ಗೆ ಗೊತ್ತಿಲ್ವಾ?"

ತೆರಿಗೆಯವನಲ್ಲ ಎಂದು ಮೊದಲು ಎದೆ ಹಗುರಾಯಿತು. ಮರುಗಳಿಗೆಯಲ್ಲಿ ತಾನು ಯಾರ ಮುಂದೆ ಏನು ಹೇಳಿದೆ ಎಂಬುದು ಅರ್ಥವಾಗಿ ಕಲ್ಲೇಶಪ್ಪ ಕಂಬ ಹಿಡಿದುಕೊಂಡು ಕೂತ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ನಿರ್ಮಲಮ್ಮನ ದನಿ ಕಂಬದಾಚೆಗೂ ಕೇಳುತ್ತಿತ್ತು.

"ರೀ, ಅಂಗಡಿ ಮುಚ್ಚಿ ಎಲ್ಲಿ ಹೋದ್ರಿ? ಗಿರಿಯಮ್ಮ ಹೇಳಿದ್ರು, ನೀವು ಹೆದರ್ಕಂಡಿದ್ರಂತೆ. ಏನೂ ಇಲ್ಲ ಕಣ್ರಿ, ವಾಣಿಗೆ ಒಂದು ಸಂಬಂಧ ಬಂದೈತೆ, ಅವ್ರ ಕಡೆಯೋರು ವಿಚಾರಿಸ್ತಾ ಅದಾರೆ. ನಿಮ್ ಬಾಯಾಗೆ ಮಾತು ನಿಲ್ಲಲ್ಲ ಅಂತ ನಾನೇ ಮುಚ್ಚಿಟ್ಟಿದ್ದೆ. ಅವ್ರು ಎಲ್ಲಾದ್ರೂ ಸಿಕ್ರೆ ತುಟಿ ಬಿಚ್ಚಬ್ಯಾಡ್ರಿ ಮತ್ತೆ. ಹುಡುಗ ಬಂಗಾರ ಕಣ್ರಿ. ಸೆಂಟ್ರಲ್ ಗೌರ್ಮೆಂಟ್ ಕೆಲ್ಸ, ಹುಬ್ಳಿಯಾಗೆ. ಇನ್‌ಕಂ ಟ್ಯಾಕ್ಸ್ ಇನ್‌ಸ್ಪೆಕ್ಟರ್."

ಕಲ್ಲೇಶಪ್ಪ ಫೋನ್ ಮಡಿಲಿಗಿಟ್ಟುಕೊಂಡು ಗಿಡ್ಡಪ್ಪನ ಮುಖ ನೋಡಿದ. ಗಿಡ್ಡಪ್ಪ ನಿಧಾನವಾಗಿ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದ.

"ಹುಡುಗಿ ಒಳ್ಳೇಳು ಅಂತ ಊರೆಲ್ಲ ಹೇಳೈತೆ," ಎಂದ. "ನೀವೂ ಕೇಳೋ ಮುಂಚೆ ನಿಜ ಹೇಳಿದ್ರಿ. ನಮ್ಮನೆಯಾಗೂ ಇಸ್ಪೀಟಿಗೆ ಗದ್ದೆ ಹೋಗೈತೆ ಬಿಡ್ರಿ, ಅದನ್ನ ದೊಡ್ಡದು ಮಾಡಲ್ಲ. ನಮ್ಮಕ್ಕಂಗೆ ನಾನೇನೂ ಹೇಳಲ್ಲ. ಆದ್ರೆ ಹುಡುಗನ ಹತ್ರ ಮುಚ್ಚಿಡಾಕೆ ನನ್ ಕೈಲಿ ಆಗಲ್ಲ. ಭಾನುವಾರ ಬರ್ತೀವಿ. ಅಷ್ಟರೊಳಗೆ ಆ ತೆರಿಗೆ ಕಟ್ಟಿ ಚಲನ್ ತೆಗೆದಿಟ್ಟಿರ್ರಿ. ಅವ್ನು ಹುಡುಗಿಗಿಂತ ಮೊದ್ಲು ಅದನ್ನೇ ಕೇಳ್ತಾನೆ."

ಮಗಳ ಸಂಬಂಧ ಉಳಿಯಿತಲ್ಲ ಎಂದು ಕಲ್ಲೇಶಪ್ಪ ಹರಿಗೂ ಹರನಿಗೂ ಸೇರಿಸಿ ಒಂದೇ ಸಲ ಅಡ್ಡಬಿದ್ದ. ಎದ್ದು, ವಾಲೆಟ್ ತೆರೆದು ನೋಡಿದ. ಕಾಯಿನ್ ಮಧ್ಯಾಹ್ನದೊಳಗೆ ಇನ್ನೂ ಇಳಿದು ಐವತ್ತೆಂಟು ಸಾವಿರಕ್ಕೆ ನಿಂತಿತ್ತು. ಎಲ್ಲ ಮಾರಿದರೂ ತೆರಿಗೆಗೆ ಏಳೂವರೆ ಸಾವಿರ ಕಡಿಮೆ. ಅಷ್ಟು ದುಡ್ಡು ಮನೆಯಲ್ಲಿದ್ದದ್ದು ನಿರ್ಮಲಮ್ಮನ ಬೀರುವಿನಲ್ಲಿ ಮಾತ್ರ, ಮತ್ತು ಯಾಕೆ ಎಂದು ಹೇಳದೆ ಅವಳು ಒಂದು ರೂಪಾಯಿಯನ್ನೂ ಕೊಡುವವಳಲ್ಲ.