ಸಂಘದ ವೆಬ್‌ಸೈಟ್ ನನ್ನ ಪಾಲಿಗೆ ಬಂದ ಮೇಲೆ

ಅಂಗಡಿಯ ಬೋರ್ಡಿನಲ್ಲಿ ತಪ್ಪಿದ್ದರೆ ಆ ದಾರಿಯಲ್ಲಿ ಹೋಗುವವರಷ್ಟೇ ನಗುತ್ತಾರೆ. ವೆಬ್‌ಸೈಟಿನಲ್ಲಿ ತಪ್ಪಿದ್ದರೆ ಮುಂಬಯಿಯಿಂದಲೂ ಫೋನು ಬರುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಶಾಖೆಗಳಿದ್ದ ದೊಡ್ಡ ಸಹಕಾರಿ ಸಂಘವೊಂದರ ವೆಬ್‌ಸೈಟನ್ನು ಕುಂದಾಪುರದ ಹೆಡ್ಡಾಫೀಸಿನಲ್ಲಿ ಕೂತು ನೋಡಿಕೊಳ್ಳುತ್ತಿದ್ದ ನನಗೆ ಅಂಥ ಫೋನು ಬಾರದ ವಾರವೇ ಕಡಿಮೆ.

ನಿರ್ಮಾಣ ಹಂತ

ಮಾಹಿತಿ ಕಳಿಸದ ಶಾಖೆಗಳ ಪುಟದಲ್ಲಿ ‘ನಿರ್ಮಾಣ ಹಂತದಲ್ಲಿದೆ’ ಎಂದು ಹಾಕಿದ್ದೆ. ಮುಂಬಯಿಯಲ್ಲಿ ಅದನ್ನು ಓದಿದ್ದ ವಂಡ್ಸೆಯ ಹಿರಿಯರೊಬ್ಬರು ಊರಿಗೆ ಬಂದವರೇ ಠೇವಣಿ ಇಡಲು ಸೀದಾ ನಮ್ಮಲ್ಲಿಗೆ ಬಂದರು.

“ಹ್ವಾಯ್, ನಮ್ಮ ವಂಡ್ಸೆ ಶಾಖೆ ಕಟ್ಟಿ ಆಪ್ದ್ ಯಾವಾಗ?”

“ಕಟ್ಟಡ ಮುಗಿದು ವರ್ಷವಾಯ್ತು. ಮುಗಿಯದ್ದು ವೆಬ್‌ಸೈಟಿನ ಪುಟ” ಎಂದೆ.

ಅವರು ನನ್ನನ್ನೇ ನೋಡಿದರು. “ಕಲ್ಲ್ ಹೊತ್ತವ್ರ್ ಕೆಲ್ಸ ಮುಗ್ಸಿ ಮನಿಗ್ ಹೋದ್ರ್. ನಿಮ್ಗೆ ನಾಲ್ಕ್ ಸಾಲ್ ಬರೂಕೆ ಆಯ್ಲಿಲ್ಯಾ?”

ನಾಳೆ ರಜೆ

ವೆಬ್‌ಸೈಟಿಗೆ ಒಂದು ಸಾಲು ಹಾಕಬೇಕಾದರೂ ಎಲ್ಲ ವಿಭಾಗದ ಸಹಿ ಬೇಕು. ‘ನಾಳೆ ರಜೆ’ ಎಂಬ ಸೂಚನೆ ಹೇಗೋ ಹತ್ತಿತು. ಇಳಿಸಲಿಕ್ಕೂ ಅಷ್ಟೇ ಸಹಿ ಬೇಕಿತ್ತು, ಸಾಹೇಬರೊಬ್ಬರು ಊರಿನಲ್ಲಿರಲಿಲ್ಲ. ವಾರ ಕಳೆದ ಮೇಲೆ ಸದಸ್ಯರೊಬ್ಬರು ಫೋನು ಮಾಡಿದರು: “ನಿಮ್ಮಲ್ಲಿ ಕೆಲ್ಸ ಖಾಲಿ ಇತ್ತಾ? ದಿನಾ ನಾಳೆ ರಜೆ ಅಂದ್ರೆ ನಾನೂ ಬತ್ತೆ.”

ಶ್ರದ್ಧಾಂಜಲಿ

ಬ್ರಹ್ಮಾವರದಲ್ಲಿ ನಮ್ಮ ನಿವೃತ್ತ ಮ್ಯಾನೇಜರೊಬ್ಬರು ತೀರಿಕೊಂಡರು. ಅದೇ ಹೆಸರಿನ ಇನ್ನೊಬ್ಬ ನಿವೃತ್ತ ಮ್ಯಾನೇಜರು ಉಪ್ಪುಂದದಲ್ಲಿದ್ದರು. ಶ್ರದ್ಧಾಂಜಲಿಗೆಂದು ಶಾಖೆಯವರು ಕಳಿಸಿದ್ದು ಬದುಕಿದ್ದ ಉಪ್ಪುಂದದವರ ಫೋಟೊ; ವೆಬ್‌ಸೈಟಿಗೆ ಅದೇ ಹೋಯಿತು. ಗೊತ್ತಾದ ಕೂಡಲೇ ಯಾರ ಸಹಿಗೂ ಕಾಯದೆ ಅದನ್ನು ತೆಗೆದು, ಕ್ಷಮೆ ಕೇಳಲು ಉಪ್ಪುಂದಕ್ಕೆ ಓಡಿದೆ. ಜಗಲಿಯಲ್ಲಿ ಕೂತಿದ್ದವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಅಂಗಳಕ್ಕೆ ಆಟೊ ಬಂತು. ಸಾಲಿಗ್ರಾಮದಲ್ಲಿದ್ದ ಅವರ ತಮ್ಮ ಹೂವಿನ ಹಾರ ಹಿಡಿದು ಅಳುತ್ತಾ ಇಳಿದರು. ಪಾಲಿನ ಜಗಳವಾದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಅಣ್ಣನನ್ನು ಕಂಡು ತಮ್ಮ ಅಲ್ಲೇ ನಿಂತುಬಿಟ್ಟರು.

ಕೊನೆಗೆ ಅಣ್ಣನೇ ಪಕ್ಕಕ್ಕೆ ಸರಿದು, “ಬಾ, ಒಳ್ಗ್ ಬಾ. ಊಟ ಮಾಡ್ಕಂಡ್ ಹೋಗು” ಎಂದರು.

ತಮ್ಮ ಜಗಲಿ ಹತ್ತಿ ಪಕ್ಕದಲ್ಲೇ ಕೂತು ಕಣ್ಣೊರೆಸಿಕೊಂಡರು.

“ವೆಬ್‌ಸೈಟಲ್ ಬರ್ದದ್ದ್ ಓದ್ದ್ಯಾ?” ಎಂದು ಅಣ್ಣ ಕೇಳಿದರು.

“ಓದ್ದೆ. ಶಾಂತ ಸ್ವಭಾವ, ತಮ್ಮಂದಿರ್ ಅಂದ್ರೆ ಪ್ರಾಣ ಅಂದ್ ಬರ್ದಿದ್ರ್. ಅದ್ ಪೂರಾ ಸುಳ್ಳ್ ಅಂದ್ ಆಗ್ಳೇ ಗೊತ್ತಾಯ್ತ್. ಸತ್ತದ್ದೊಂದ್ ಖರೆ ಅಂದ್ಕಂಡೆ.”