ಹೆಂಡತಿ ಸಮುದ್ರದ ತಳಕ್ಕೆ ಇಳಿದದ್ದು

ಮೊಣಕಾಲು ದಾಟಿದ ನೀರನ್ನು ಕಂಡರೆ ನನಗೆ ಭಯ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಕೋಲಾರದವನಾದ ನನ್ನ ಪಾಲಿಗೆ ನೀರೆಂದರೆ ಟ್ಯಾಂಕರಿನಲ್ಲಿ ಬಂದು, ಬಿಂದಿಗೆಯಲ್ಲಿ ಮನೆ ಸೇರಿ, ಚೊಂಬಿನಿಂದ ಮೈಮೇಲೆ ಬೀಳುವ ವಸ್ತು. ಅದರೊಳಕ್ಕೆ ನಾವೇ ಹೋಗಿ ಬೀಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದೇ ನಂಬಿದ್ದೆ. ಹೀಗಿರುವಾಗ ಒಂದು ದಿನ ಊಟಕ್ಕೆ ಕೂತಿದ್ದೇನೆ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನ್ನ ಹೆಂಡತಿ ನಾಗವೇಣಿ ಸಾರು ಬಡಿಸುತ್ತಾ, "ರೀ, ಮುಂದಿನ ವಾರ ಮುರುಡೇಶ್ವರಕ್ಕೆ ಹೋಗ್ತೀನಿ. ಸಮುದ್ರದ ತಳಕ್ಕೆ ಇಳಿದು ಅಲ್ಲಿರೋ ಜೀವಿಗಳನ್ನ ಎಣಿಸ್ಬೇಕು" ಅಂದಳು. ನುಂಗಿದ ಮುದ್ದೆ ಗಂಟಲಲ್ಲೇ ನಿಂತಿತು.

ನನಗಿಂತ ಮೊದಲು ಚೇತರಿಸಿಕೊಂಡವರು ಅಮ್ಮ. "ಮೀನು ಹಿಡಿಯಾಕಾ?"

"ಇಲ್ಲ ಅತ್ತೆ, ಬರೀ ಎಣಿಸೋದು. ಮುಟ್ಟೋ ಹಾಗೂ ಇಲ್ಲ."

"ಸಂಬಳ ಎಷ್ಟು ಕೊಡ್ತಾರೆ?"

"ಸ್ವಯಂಸೇವೆ ಅತ್ತೆ. ನಮ್ಮ ಖರ್ಚಲ್ಲೇ ಹೋಗೋದು."

"ದೇವುಡಾ! ಹಿಡಿಯಲ್ಲ, ತಿನ್ನಲ್ಲ, ಕಾಸೂ ಇಲ್ಲ. ಲೇ, ಇವಳಿಗೆ ಮೊದ್ಲು ದೃಷ್ಟಿ ತೆಗೆಸೋ" ಅಂದರು ಅಮ್ಮ.

ನಿಜವಾದ ಆಘಾತ ಆಮೇಲೆ ಕಾದಿತ್ತು. ಭಾನುವಾರಗಳಂದು ಇವಳು ಬೆಂಗಳೂರಿಗೆ ಹೋಗುತ್ತಿದ್ದದ್ದು ಶಿಕ್ಷಕರ ತರಬೇತಿಗೆ ಎಂದುಕೊಂಡಿದ್ದೆ. ಹೋಗುತ್ತಿದ್ದದ್ದು ಈಜುಕೊಳದ ತಳದಲ್ಲಿ ಕೂತು ಉಸಿರಾಡುವುದನ್ನು ಕಲಿಯಲಂತೆ! ಈಜು ಕಲಿತದ್ದು ಚಿಕ್ಕಂದಿನಲ್ಲಿ, ತವರೂರಾದ ಆವನಿಯ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಇದನ್ನೆಲ್ಲ ನನಗೇಕೆ ಹೇಳಲಿಲ್ಲ ಎಂದು ರೇಗಿದೆ. "ಹೇಳಿದ್ದೆ. ನೀವು ಪೇಪರ್ ಓದ್ತಾ 'ಹೂಂ' ಅಂದ್ರಿ" ಅಂದಳು. ಅಂದಿರಬಹುದು. ಪೇಪರ್ ಓದುವಾಗ ನಾನು ಯಾವುದಕ್ಕೂ 'ಊಹೂಂ' ಅಂದವನಲ್ಲ.

ಇವಳಿಗೇನಾದರೂ ಆದರೆ ನನ್ನ ಗತಿಯೇನು? ಹೇಗಾದರೂ ತಡೆಯಬೇಕೆಂದು ಜೊತೆಗೇ ಹೊರಟೆ. ತಡೆಯಲು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ದೋಣಿ ಅಲುಗಾಡಿದ ಕೂಡಲೇ ಬೆಳಗಿನ ಇಡ್ಲಿಯ ಜೊತೆಗೆ ಸಮುದ್ರದ ಪಾಲಾಯಿತು. ನಾನು ದೋಣಿಯ ಅಂಚು ತಬ್ಬಿಕೊಂಡು ಬಿದ್ದಿದ್ದೆ. ಅತ್ತ ಇವಳ ಹಾಗೆಯೇ ಎಣಿಸಲು ಬಂದಿದ್ದ ತಂಡದವರು ಕೆಲಸ ಹಂಚಿಕೊಳ್ಳುತ್ತಿದ್ದರು. ತಳದ ಬಂಡೆಗಳ ಮೇಲೆ ಅಳತೆಪಟ್ಟಿ ಹಾಸಿ, ಅದರ ಅಕ್ಕಪಕ್ಕ ಕಾಣುವ ಹವಳ, ಮೀನು, ಚಿಪ್ಪುಗಳನ್ನೆಲ್ಲ ಪ್ಲಾಸ್ಟಿಕ್ ಹಲಗೆಯ ಮೇಲೆ ಬರೆದುಕೊಳ್ಳಬೇಕು. ಏನೇನಿದೆ ಎಂದು ಗೊತ್ತಾದರೆ ತಾನೇ ಅದನ್ನು ಉಳಿಸಿ ಎಂದು ಕೇಳಲಾಗುವುದು? ನಾಗವೇಣಿಯ ಜೋಡಿ ಮಾಲೂರಿನ ದಂತವೈದ್ಯೆ ಶಾಲಿನಿ. ಇಬ್ಬರೂ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಅಂಚಿನ ಮೇಲೆ ಕೂತರು. ನೋಡನೋಡುತ್ತಿದ್ದಂತೆ ಹಿಂದಕ್ಕೆ ವಾಲಿ ಧೊಪ್ಪೆಂದು ನೀರಿಗೆ ಬಿದ್ದರು!

ನನ್ನ ಜೀವ ಬಾಯಿಗೆ ಬಂತು. ಅವಳಿದ್ದ ಜಾಗದಲ್ಲಿ ಬರೀ ಗುಳ್ಳೆ. "ಗುಳ್ಳೆ ಬರ್ತಿದ್ರೆ ಉಸಿರಾಡ್ತಿದಾರೆ ಅಂತ ಲೆಕ್ಕ" ಅಂದ ದೋಣಿಯವನು. ಆಮೇಲೆ ನಾನು ಕಣ್ಣು ಮಿಟುಕಿಸಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಉಸಿರಾಡುತ್ತಿದ್ದಾಳೆಯೇ ಎಂದು ನಾನು ಗಮನಿಸಿದ್ದು ಅದೇ ಮೊದಲು.

ಕೊನೆಗೆ ಮೇಲೆ ಬಂದಳು. ಸೌತೆಕಾಯಿಯಂತೆ ಬಿದ್ದುಕೊಂಡಿರುವ ಪ್ರಾಣಿಯನ್ನು ಕಂಡೆನೆಂದು ಚಿಕ್ಕ ಹುಡುಗಿಯ ಹಾಗೆ ಕುಣಿದಳು.

"ಭಯ ಆಗ್ಲಿಲ್ವೇನೇ?" ಅಂದೆ.

"ಭಯ ಯಾಕೆ? ಕೆಳಗಡೆ ಜೋಡಿ ಮೇಲೆ ಸದಾ ಕಣ್ಣಿಟ್ಟಿರ್ಬೇಕು, ಅದು ನಿಯಮ. ಶಾಲಿನಿ ಗಳಿಗೆಗೊಂದ್ಸಲ ತಿರುಗಿ, ಚೆನ್ನಾಗಿದೀರಾ ಅಂತ ಕೈಸನ್ನೆ ಮಾಡ್ತಿದ್ರು. ಮನೇಲಿ ಹಾಗೆ ಯಾರು ಕೇಳ್ತಾರೆ ಹೇಳಿ?"

ಕುಟುಕಲು ಹೇಳಿದ್ದಲ್ಲ; ತಲೆ ಒರೆಸಿಕೊಳ್ಳುತ್ತಾ ಸುಮ್ಮನೆ ಹೇಳಿದ್ದು. ನನಗೋ ಕಪಾಳಕ್ಕೆ ಹೊಡೆದಂತಾಯಿತು. ಸಂಜೆ ದಡದ ಹೋಟೆಲಿನಲ್ಲಿ ಕಾಫಿ ಬಂದಾಗ ಧೈರ್ಯ ತಂದುಕೊಂಡು ಕೇಳಿಯೇಬಿಟ್ಟೆ: "ನಾಗೂ, ನೀನು ಚೆನ್ನಾಗಿದೀಯೇನೇ?"

ಅವಳು ಲೋಟ ಕೆಳಗಿಟ್ಟಳು. ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಪಕ್ಕದ ಮೇಜಿನಲ್ಲಿದ್ದ ಶಾಲಿನಿಯತ್ತ ತಿರುಗಿ, "ಡಾಕ್ಟ್ರೇ, ಸ್ವಲ್ಪ ಬೇಗ ಬನ್ನಿ, ಇವರಿಗೆ ಇನ್ನೂ ತಲೆಸುತ್ತು ಇಳಿದೇ ಇಲ್ಲ!" ಎಂದು ಕೂಗಿದಳು.